ಹೊಂಗೆಕಾಯಿಯೊಳಗಿನ ಕಥೆ ಯಾರದು?

ಕೆ.ಎನ್. ಗಣೇಶಯ್ಯನವರ ಹೆಸರು ಬಂದರೆ ನಮ್ಮ ಸಾಹಿತ್ಯದ ಮಾತು ನೇರವಾಗಿ ನಿಧಿಯ ಕಡೆಗೆ ಹೊರಟುಬಿಡುತ್ತದೆ. ವಿಜಯನಗರದ ಸಂಪತ್ತು ಹೊತ್ತ ಆನೆಗಳು, ದೇವಾಲಯದ ಗೋಡೆಯಲ್ಲಿ ಅಡಗಿದ ಗುಟ್ಟು, ಒಂದು ಸುಳಿವಿನ ಬೆನ್ನು ಹತ್ತಿ ಹೋಗುವ ಸಂಶೋಧಕ. 'ಕರಿಸಿರಿಯಾನ', 'ಕನಕ ಮುಸುಕು' ಓದಿದವರಿಗೆ ಇದೆಲ್ಲ ಪರಿಚಿತ. ಅವರು ಬೆಂಗಳೂರಿನ ಕೃಷಿ ವಿಶ್ವವಿದ್ಯಾನಿಲಯದಲ್ಲಿ ಪಾಠ ಹೇಳಿದ ವಿಜ್ಞಾನಿ ಎಂಬುದನ್ನು ಪುಸ್ತಕದ ಹಿಂಬದಿಯಲ್ಲಿ ಓದಿ, 'ಓಹೋ, ಅದಕ್ಕೇ ಇಷ್ಟೊಂದು ಅಡಿಟಿಪ್ಪಣಿ' ಎಂದುಕೊಂಡು ಮುಂದೆ ಹೋಗುತ್ತೇವೆ. ಆ ವಿಜ್ಞಾನಿ ತನ್ನ ವಿಜ್ಞಾನದಲ್ಲಿ ಏನನ್ನು ಹುಡುಕುತ್ತಿದ್ದರು, ಅದನ್ನು ಯಾವ ಮಾತಿನಲ್ಲಿ ಬರೆದರು ಎಂದು ಕೇಳಿದ ವಿಮರ್ಶೆಯೊಂದನ್ನು ನಾನಂತೂ ಓದಿಲ್ಲ.

ಕನ್ನಡದ ವಿಮರ್ಶೆಗೆ ವಿಜ್ಞಾನಿಯ ಸಂಶೋಧನಾ ಲೇಖನ ಓದಬೇಕಾದ ಬರಹ ಎಂದು ಅನ್ನಿಸಿಯೇ ಇಲ್ಲ. ವಿಜ್ಞಾನಿ ಕಾದಂಬರಿಯ ಪಾತ್ರವಾಗಿ ಬಂದರೆ ಸರಿ, 1980ರ 'ಕರ್ವಾಲೊ'ವನ್ನು ಎಷ್ಟು ಸಲ ಬೇಕಾದರೂ ಚರ್ಚಿಸುತ್ತೇವೆ. ವಿಜ್ಞಾನಿ ಲಲಿತ ಪ್ರಬಂಧ ಬರೆದರೆ ಅದೂ ಸರಿ, ಬಿ.ಜಿ.ಎಲ್. ಸ್ವಾಮಿಯವರಿಗೆ 'ಹಸುರು ಹೊನ್ನು' ಕೃತಿಗಾಗಿ ಅಕಾಡೆಮಿ ಪ್ರಶಸ್ತಿಯೇ ಬಂತು. ಆದರೆ ಸ್ವಾಮಿಯವರು ಹಾರ್ವರ್ಡಿನಲ್ಲಿ ಬೈಲಿಯವರ ಜೊತೆ ಕೂತು ಹೂವಿನ ಅಂಡಾಶಯದ ಹುಟ್ಟಿನ ಬಗ್ಗೆ ಬರೆದದ್ದು ನಮಗೆ ಬೇಕಾಗಿಲ್ಲ. ಅದು 'ಅವರ ಕೆಲಸ'. ನಮ್ಮದು ಅವರ ಹಾಸ್ಯ.

ನಾನು ಕನ್ನಡ ಮೇಷ್ಟ್ರು. ಇರುವುದು ಮಧುಗಿರಿ ಶೈಕ್ಷಣಿಕ ಜಿಲ್ಲೆಯಲ್ಲಿ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ನಾಲ್ಕೂ ತಾಲ್ಲೂಕು ಸೇರಿ ಈ ಜಿಲ್ಲೆ. ಕಂದಾಯದ ಲೆಕ್ಕಕ್ಕೆ ತುಮಕೂರು, ಮಳೆಯ ಲೆಕ್ಕಕ್ಕೆ ಅನಂತಪುರದ ನೆಂಟರು. ಇಲ್ಲಿಂದ ಕೂತು ಗಣೇಶಯ್ಯನವರ ಕಾದಂಬರಿಗಳನ್ನೂ ಅವರ ಸಸ್ಯ ಸಂಶೋಧನೆಯನ್ನೂ ಒಟ್ಟಿಗೆ ಓದಿದಾಗ ನನಗೆ ಬಂದ ತೀರ್ಮಾನ ಇದು: ಕಥೆಗಾರಿಕೆಯ ದೃಷ್ಟಿಯಿಂದಲೇ ನೋಡಿದರೂ ಅವರ ಅತ್ಯಂತ ಧೈರ್ಯದ ಬರಹ ಕಾದಂಬರಿಗಳಲ್ಲಿಲ್ಲ, ಒಂದು ಮರದ ಕಾಯಿಯ ಬಗ್ಗೆ 1988ರಲ್ಲಿ ಬರೆದ ಸಂಶೋಧನಾ ಲೇಖನದಲ್ಲಿದೆ. ಇದು ವಿಚಿತ್ರವಾಗಿ ಕೇಳಿಸುತ್ತದೆ ಎಂದು ಗೊತ್ತು. ಅದಕ್ಕೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕೊರಟಗೆರೆಯಿಂದ ಮಧುಗಿರಿ ದಾಟಿ ಪಾವಗಡದ ಕಡೆಗೆ ಹೋಗುವ ದಾರಿಯಲ್ಲಿ ಕಣ್ಣಿಗೆ ತಂಪು ಅನ್ನುವಂಥದ್ದು ಏನಾದರೂ ಇದ್ದರೆ ಅದು ಹೊಂಗೆ ಮತ್ತು ಹುಣಸೆ. ಹೊಂಗೆ ಈ ಕಡೆಯವರಿಗೆ ಬರೀ ನೆರಳಲ್ಲ. ಸೊಪ್ಪು ಗದ್ದೆಗೆ, ಹಿಂಡಿ ಗೊಬ್ಬರಕ್ಕೆ, ಎಣ್ಣೆ ದೀಪಕ್ಕೆ ಎಂದು ಹಿಂದಿನವರು ಮರವನ್ನು ಪೂರ್ತಿ ಬಳಸಿಕೊಂಡಿದ್ದರು. ಈಗಲೂ ಬೇಸಿಗೆಯಲ್ಲಿ ಹೆಂಗಸರು ಕಾಯಿ ಆಯ್ದು, ಬಡಿದು, ಬೀಜ ಬಿಡಿಸಿ ಮಾರುತ್ತಾರೆ. ಹೊಂಗೆಕಾಯಿ ಬಡಿದವರೆಲ್ಲರಿಗೂ ಗೊತ್ತಿರುವ ಸಂಗತಿ: ಒಂದು ಕಾಯಿಗೆ ಒಂದು ಬೀಜ. ಎರಡು ಬೀಜದ ಕಾಯಿ ಸಿಗುವುದು ಅಪರೂಪ. ಹೊಂಗೆಯ ಹೂವನ್ನು ಸೀಳಿ ಭೂತಗನ್ನಡಿ ಹಿಡಿದರೆ ಅಂಡಾಶಯದಲ್ಲಿ ಅಂಡಕಗಳು ಎರಡು ಇರುತ್ತವೆ. ಅಂದರೆ ಎರಡು ಮಕ್ಕಳಿಗೆ ಜಾಗ ಮಾಡಿಕೊಂಡ ಒಡಲಿನಿಂದ ಒಂದೇ ಮಗು ಹೊರಗೆ ಬರುತ್ತದೆ. ಇನ್ನೊಂದು ಎಲ್ಲಿ ಹೋಯಿತು?

ನಮ್ಮ ರೈತರ ಮಾತಿನಲ್ಲಿ ಇದಕ್ಕೆ ಉತ್ತರ ಸಿದ್ಧವಿದೆ: ಜೊಳ್ಳು. ಭತ್ತದಲ್ಲಿ, ರಾಗಿಯಲ್ಲಿ, ಕಡ್ಲೆಕಾಯಲ್ಲಿ, ಎಲ್ಲೆಲ್ಲಿ ಬೀಜ ತುಂಬಲಿಲ್ಲವೋ ಅಲ್ಲೆಲ್ಲ ಜೊಳ್ಳು. ಸೊಗಸಾದ ಪದ. ಆದರೆ ಅದು ಕಣದಲ್ಲಿ ನಿಂತು ಮೊರ ಹಿಡಿದವರ ಪದ. ಬೆಳೆ ಎಷ್ಟು ಬಂತು ಎಂದು ಲೆಕ್ಕ ಹಾಕುವವರ ಕಣ್ಣಿನಿಂದ ನೋಡಿದಾಗ ಬರುವ ಪದ. ಗಿಡದ ಕಣ್ಣಿನಿಂದ ಅದು ಏನು? ಕಾಯಿಯೊಳಗೆ ಉಳಿದುಕೊಂಡ ಬೀಜದ ಕಣ್ಣಿನಿಂದ? ಉಳಿಯದೆ ಹೋದದ್ದರ ಕಣ್ಣಿನಿಂದ?

ಈ ಪ್ರಶ್ನೆಗಳನ್ನು ನಾನು ಸಾಹಿತ್ಯದ ಚಪಲಕ್ಕೆ ಕೇಳುತ್ತಿಲ್ಲ. 1988ರಲ್ಲಿ 'ಈಕಾಲಜಿಯ' ಎಂಬ ಪತ್ರಿಕೆಯಲ್ಲಿ ಗಣೇಶಯ್ಯ ಮತ್ತು ಅವರ ದೀರ್ಘಕಾಲದ ಜೊತೆಗಾರ ಆರ್. ಉಮಾಶಂಕರ್ ಪ್ರಕಟಿಸಿದ ಲೇಖನದ ಶೀರ್ಷಿಕೆಯಲ್ಲೇ ಈ ಪ್ರಶ್ನೆ ಇದೆ. ಅವರು ನೋಡಿದ್ದು ಶಿಸ್ಸು ಮರವನ್ನು. ನಮ್ಮ ಬೀಟೆಯ ಹತ್ತಿರದ ನೆಂಟ, ಗಾಳಿಗೆ ಹಾರುವ ಚಪ್ಪಟೆ ಕಾಯಿ ಬಿಡುವ ಮರ. ಅದರ ಕಾಯಿಯಲ್ಲೂ ಹಲವು ಅಂಡಕಗಳಿರುತ್ತವೆ, ಬಹುಪಾಲು ಕಾಯಿಗಳಲ್ಲಿ ಬಲಿಯುವುದು ಒಂದೇ ಬೀಜ. ಉಳಿದವು ನಿಂತುಹೋಗುವುದಕ್ಕೆ ಕಾರಣ ತಾಯಿಯ ಹತೋಟಿಯೋ, ಒಡಹುಟ್ಟುಗಳ ಪೈಪೋಟಿಯೋ ಎಂದು ಶೀರ್ಷಿಕೆ ಕೇಳುತ್ತದೆ. ಅಲ್ಲಿಯವರೆಗೆ ಸಾಮಾನ್ಯವಾಗಿ ಕೊಡುತ್ತಿದ್ದ ಉತ್ತರ ಬೇರೆ: ಪರಾಗ ಸಾಲಲಿಲ್ಲ, ಇಲ್ಲವೇ ಗಿಡಕ್ಕೆ ಪೋಷಣೆ ಸಾಲಲಿಲ್ಲ. ಅಂದರೆ ಬಡತನದ ಕಥೆ. ಅದು ಹಲವು ಕಡೆ ನಿಜವೂ ಹೌದು. ಮಳೆ ಕೈಕೊಟ್ಟ ವರ್ಷ ಪಾವಗಡದ ಹೊಲದಲ್ಲಿ ನಿಂತವನಿಗೆ ಅದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಆದರೆ ಪರಾಗ ಸಾಕಷ್ಟು ಬಿದ್ದು, ಅಂಡಕಗಳು ಫಲಿತವಾಗಿ, ಪೋಷಣೆಯೂ ಇದ್ದಾಗ ಒಂದೇ ಬೀಜ ಉಳಿದರೆ ಬಡತನದ ಕಥೆ ಸಾಲುವುದಿಲ್ಲ. ಆಗ ಮನೆಯೊಳಗಿನ ಕಥೆಯನ್ನೇ ಕೇಳಬೇಕು.

ಮನೆಯೊಳಗಿನ ಕಥೆಗೆ ಬೇಕಾದ ಲೆಕ್ಕವನ್ನು ಜೀವವಿಜ್ಞಾನ ಆಗಲೇ ಮಾಡಿಟ್ಟಿತ್ತು. 1964ರಲ್ಲಿ ಹ್ಯಾಮಿಲ್ಟನ್ ರಕ್ತಸಂಬಂಧವನ್ನು ಜೀನುಗಳ ಪಾಲಿನಲ್ಲಿ ಅಳೆದರು. 1974ರಲ್ಲಿ ರಾಬರ್ಟ್ ಟ್ರಿವರ್ಸ್ ಆ ಲೆಕ್ಕವನ್ನು ತಾಯಿ ಮತ್ತು ಮಕ್ಕಳ ನಡುವೆ ತಂದಿಟ್ಟು, ತಾಯಿಯ ಹಿತವೂ ಮಗುವಿನ ಹಿತವೂ ಯಾವಾಗಲೂ ಒಂದೇ ಅಲ್ಲ ಎಂದರು. ತಾಯಿಗೆ ಪ್ರತಿಯೊಂದು ಮಗುವೂ ಅರ್ಧ ಪಾಲು, ಎಲ್ಲ ಮಕ್ಕಳೂ ಸಮ. ಮಗುವಿಗೆ ಹಾಗಲ್ಲ. ತಾನು ಪೂರ್ತಿ ತಾನೇ. ಒಡಹುಟ್ಟು ಅರ್ಧ ಮಾತ್ರ, ತಂದೆ ಬೇರೆಯಾದರೆ ಕಾಲು. ಹಾಗಾಗಿ ತಾಯಿ ಇಬ್ಬರಿಗೂ ಹಂಚಬೇಕೆಂದಿರುವಲ್ಲಿ ಮಗುವಿಗೆ ತನಗೇ ಬೇಕೆನ್ನಿಸುತ್ತದೆ. ಇದು ಪ್ರಾಣಿ, ಪಕ್ಷಿಗಳ ಬಗ್ಗೆ ಹೊರಟ ಮಾತು. ಗೂಡಿನಲ್ಲಿ ಬಾಯಿ ತೆರೆದು ಕೂಗುವ ಮರಿಗಳಲ್ಲಿ ಇದು ಕಣ್ಣಿಗೇ ಕಾಣುತ್ತದೆ. ಶಿರಾ ತಾಲ್ಲೂಕಿನ ಕಗ್ಗಲಡುವಿನ ಹುಣಸೆ ಮರಗಳಲ್ಲಿ ಕೊಕ್ಕರೆ ಮರಿ ಮಾಡುವ ಕಾಲಕ್ಕೆ ಹೋಗಿ ನೋಡಬಹುದು. ಆದರೆ ಆ ಕೊಕ್ಕರೆ ಕೂತ ಹುಣಸೆಯ ಕಾಯಿಯೊಳಗೂ ಅಂಥದ್ದೇ ಏನಾದರೂ ನಡೆಯುತ್ತಿರಬಹುದೇ ಎಂದು ಕೇಳಲು ಬೇರೆ ಥರದ ಕಲ್ಪನೆ ಬೇಕು. ಅದೇ 1988ರಲ್ಲಿ ಉಮಾಶಂಕರ್, ಗಣೇಶಯ್ಯ ಮತ್ತು ಕಮಲ್‌ಜಿತ್ ಬಾವಾ ಮೂವರೂ ಸೇರಿ ಒಂದು ದೊಡ್ಡ ಸಮೀಕ್ಷಾ ಲೇಖನ ಬರೆದು ಈ ಪ್ರಶ್ನೆಯನ್ನು ಇಡೀ ಸಸ್ಯಲೋಕಕ್ಕೆ ಹರಡಿದರು.

ಇಲ್ಲಿ ನನ್ನಂಥ ಕನ್ನಡ ಮೇಷ್ಟ್ರಿಗೆ ಕೆಲಸ ಶುರುವಾಗುತ್ತದೆ. ಈ ಪೈಪೋಟಿಯನ್ನು ಕನ್ನಡದಲ್ಲಿ ಏನೆನ್ನಬೇಕು? ಮೊದಲು ನಾಲಿಗೆಗೆ ಬರುವುದು 'ದಾಯಾದಿ ಮತ್ಸರ'. ಮಹಾಭಾರತವನ್ನು ಹಾಲಿನ ಜೊತೆ ಕುಡಿದ ಭಾಷೆ ನಮ್ಮದು, ಪಹಣಿ ಹಿಡಿದು ಕೋರ್ಟಿಗೆ ಅಲೆಯುವ ಊರುಗಳು ನಮ್ಮವು. ಪಾಲಿನ ಜಗಳ ಅಂದರೆ ದಾಯಾದಿ. ತರಗತಿಯಲ್ಲಿ ಇದನ್ನು ಹೇಳಿದರೆ ಮಕ್ಕಳಿಗೆ ಒಂದೇ ಕ್ಷಣದಲ್ಲಿ ಅರ್ಥವಾಗಿಬಿಡುತ್ತದೆ. ಆದರೆ ಆ ಅರ್ಥವಾಗುವಿಕೆಯೇ ಇಲ್ಲಿ ಮೋಸ. ದಾಯಾದಿ ಎಂಬ ಪದ ತಂದೆಯ ಕಡೆಯ ಸಂಬಂಧ. ಒಂದೇ ಅಜ್ಜನ ಆಸ್ತಿ, ಬೇರೆ ಬೇರೆ ತಾಯಂದಿರು. ಹೊಂಗೆಕಾಯಿಯಲ್ಲಿ ಆಗುವುದು ಸರಿಯಾಗಿ ತಿರುಗಾಮುರುಗಾ: ಒಡಲು ಒಂದೇ, ತಂದೆ ಬೇರೆ ಬೇರೆ ಇರಬಹುದು. ಹೂವಿನ ಮೇಲೆ ಕೂತ ಜೇನುಹುಳ ಒಂದು ಪರಾಗ ಕಣವನ್ನು ಈ ಮರದಿಂದ ತಂದಿರುತ್ತದೆ, ಇನ್ನೊಂದನ್ನು ಆ ಮರದಿಂದ. ಹಾಗಾಗಿ ಇಲ್ಲಿ ಸರಿಯಾಗಿ ಕೂರುವ ಕನ್ನಡ ಪದ 'ಒಡಹುಟ್ಟು'. ಒಂದೇ ಒಡಲಿನಲ್ಲಿ ಹುಟ್ಟಿದವರು, ತಂದೆಯ ಬಗ್ಗೆ ಆ ಪದ ಏನೂ ಹೇಳುವುದಿಲ್ಲ. ನಮ್ಮ ಭಾಷೆ ಯಾವ ಜೀವಶಾಸ್ತ್ರದ ಪಾಠವನ್ನೂ ಕೇಳದೆ ಇಟ್ಟುಕೊಂಡಿದ್ದ ನಿಖರತೆ ಇದು.

ಮಹಾಭಾರತವನ್ನು ಹಿಡಿದೇ ಹೇಳುವುದಾದರೆ ದುರ್ಯೋಧನ, ಭೀಮರ ಜಗಳ ಹೊಂಗೆಯ ಉದಾಹರಣೆಯಾಗುವುದಿಲ್ಲ. ಕುಂತಿಯ ಮಕ್ಕಳು ಆಗುತ್ತಾರೆ. ಒಂದು ಒಡಲು, ಒಬ್ಬೊಬ್ಬನಿಗೂ ಬೇರೆ ತಂದೆ, ಅದರಲ್ಲೂ ಮೊದಲು ಹುಟ್ಟಿದವನನ್ನು ತಾಯಿಯೇ ನೀರಿಗೆ ಬಿಟ್ಟಳು. ಅದು ತಾಯಿಯ ಹತೋಟಿ. ಕುರುಕ್ಷೇತ್ರದಲ್ಲಿ ಆದದ್ದು ಒಡಹುಟ್ಟಿನ ಕೈಯಲ್ಲಿ ಸಾವು. ಗಣೇಶಯ್ಯ ಮತ್ತು ಉಮಾಶಂಕರ್ ಅವರ ಶೀರ್ಷಿಕೆಯ ಎರಡು ಆಯ್ಕೆಗಳೂ ಕರ್ಣನೊಬ್ಬನ ಬದುಕಿನಲ್ಲೇ ನಡೆದುಹೋಗಿವೆ. ಕರ್ಣನ ಸಾವಿಗೆ ಯಾರನ್ನು ಹೊಣೆ ಮಾಡಬೇಕೆಂದು ಕನ್ನಡ ಕಾವ್ಯ ಸಾವಿರ ವರ್ಷದಿಂದ ಜಗ್ಗಾಡುತ್ತಿದೆಯಲ್ಲ, ಅದು ವಾಸ್ತವವಾಗಿ ದೃಷ್ಟಿಕೋನದ ಪ್ರಶ್ನೆ. ಕಥೆಯನ್ನು ಯಾರ ಕಡೆಯಿಂದ ಹೇಳುತ್ತೀರಿ ಎಂಬ ಪ್ರಶ್ನೆ. ವಿಮರ್ಶೆಗೆ ಚೆನ್ನಾಗಿ ಗೊತ್ತಿರುವ ಪ್ರಶ್ನೆಯನ್ನೇ ಈ ವಿಜ್ಞಾನಿಗಳು ಒಂದು ಕಾಯಿಯೊಳಗೆ ಇಳಿಸಿದ್ದಾರೆ.

ಇಳಿಸಿದ್ದಷ್ಟೇ ಆಗಿದ್ದರೆ ಅದನ್ನು ಚಂದದ ರೂಪಕ ಎಂದು ಹೊಗಳಿ ಸುಮ್ಮನಾಗಬಹುದಿತ್ತು. ಬೀಜಕ್ಕೆ ಮನಸ್ಸಿಲ್ಲ, ಮತ್ಸರವಿಲ್ಲ. ಗಿಡದ ಮೇಲೆ ಮನುಷ್ಯರ ಸಂಸಾರವನ್ನು ಹೇರಿದ್ದಾರೆ ಎಂದು ಯಾರಾದರೂ ಆಕ್ಷೇಪಿಸಿದರೆ ಅದೂ ನ್ಯಾಯವೇ. ಆದರೆ ಈ ಬರಹದ ಮರ್ಯಾದೆ ಇರುವುದು ರೂಪಕವನ್ನು ಪರೀಕ್ಷೆಗೆ ಒಡ್ಡುವುದರಲ್ಲಿ. ಪೈಪೋಟಿ ಎಂಬುದು ನಿಜವಾದರೆ ಅದಕ್ಕೊಂದು ಆಯುಧ ಇರಬೇಕು. ಶಿಸ್ಸುವಿನಲ್ಲಿ ಅವರು ಕಂಡದ್ದು, ಕಾಯಿಯ ತುದಿಯ ಕಡೆ, ಅಂದರೆ ಪರಾಗ ಮೊದಲು ತಲುಪುವ ಕಡೆ ಇರುವ ಬೀಜ ಮುನ್ನುಗ್ಗುತ್ತದೆ. ಆ ಬೀಜದಿಂದ ಬರುವ ರಾಸಾಯನಿಕ ಉಳಿದವುಗಳನ್ನು ತಡೆಯುತ್ತದೆ ಎಂದು ಅವರ ವಾದ. ಹಾಗಾದರೆ ತಾಯಿ ಸುಮ್ಮನಿದ್ದದ್ದೇಕೆ? ಒಂದೇ ಬೀಜದ ಹಗುರ ಕಾಯಿ ಗಾಳಿಯಲ್ಲಿ ದೂರ ಹೋಗುತ್ತದೆ, ತಾಯಿಯ ನೆರಳಿನಿಂದ ಆಚೆ ಬೀಳುತ್ತದೆ. ಕೊಲೆಯಿಂದ ತಾಯಿಗೂ ಲಾಭವಿದೆ. ಹೀಗೆ ಒಂದು ಘಟನೆಗೆ ಇಬ್ಬರ ಸಾಕ್ಷ್ಯವನ್ನೂ ಕೇಳಿ, ಎರಡೂ ಹೊಂದುವ ಜಾಗ, ಹೊಂದದ ಜಾಗವನ್ನು ಗುರುತಿಸುವ ಬರಹ ಅದು. ಹನ್ನೊಂದು ವರ್ಷದ ನಂತರ, 1999ರಲ್ಲಿ, ಎಚ್.ಎಸ್. ಆರತಿ ಮತ್ತಿತರರ ಜೊತೆ ಸೇರಿ ಇದೇ ಗುಂಪು ಹೊಂಗೆಯ ಬೀಜಪಾತದ ಬಗ್ಗೆಯೂ ಬರೆಯಿತು, ಅಮೆರಿಕದ ಸಸ್ಯವಿಜ್ಞಾನ ಪತ್ರಿಕೆಯಲ್ಲಿ. ನಮ್ಮ ಹೆಂಗಸರು ಬಡಿಯುವ ಹೊಂಗೆಕಾಯಿ ಪ್ರಪಂಚದ ಗ್ರಂಥಾಲಯಗಳಿಗೆ ಹೋದದ್ದು ಹಾಗೆ. ಮಧುಗಿರಿಯ ಗ್ರಂಥಾಲಯಕ್ಕೆ ಬರಲಿಲ್ಲ, ಅದು ಬೇರೆ ಮಾತು.

ರೂಪಕಕ್ಕೆ ಇನ್ನೊಂದು ಪರೀಕ್ಷೆ ಇದೆ, ಅದನ್ನು ನಮ್ಮ ರಸ್ತೆ ಬದಿಯಲ್ಲೇ ಮಾಡಿ ನೋಡಬಹುದು. ತಂದೆ ಬೇರೆಯಾದಷ್ಟೂ ಪೈಪೋಟಿ ಹೆಚ್ಚು ಎಂಬುದು ನಿಜವಾದರೆ, ತಂದೆ ಒಬ್ಬನೇ ಆದಾಗ ಅದು ಕಡಿಮೆಯಾಗಬೇಕು, ಕಾಯಿಯಲ್ಲಿ ಹೆಚ್ಚು ಬೀಜ ಉಳಿಯಬೇಕು. ಹೊಂಗೆಯ ಪಕ್ಕದಲ್ಲೇ ಜಾಲಿ ನಿಂತಿರುತ್ತದೆ, ಪಾವಗಡ, ಶಿರಾ ಕಡೆ ಅದಕ್ಕೇನೂ ಬರವಿಲ್ಲ. ಮಣಿಸರದಂಥ ಅದರ ಕಾಯಿಯಲ್ಲಿ ಹತ್ತು ಹನ್ನೆರಡು ಬೀಜ. ಜಾಲಿಯ ಪರಾಗ ಹೊಂಗೆಯ ಪರಾಗದಂತೆ ಬಿಡಿ ಕಣವಾಗಿ ಓಡಾಡುವುದಿಲ್ಲ. ಸಾಮಾನ್ಯವಾಗಿ 16 ಕಣಗಳು ಒಂದು ಪುಟ್ಟ ಉಂಡೆಯಾಗಿ ಅಂಟಿಕೊಂಡು ಒಟ್ಟಿಗೆ ಹೂವಿಗೆ ಬರುತ್ತವೆ. ಒಂದೇ ಉಂಡೆ ಒಂದು ಕಾಯಿಗೆ ಸಾಕು. ಅಂದರೆ ಕಾಯಿಯೊಳಗಿನ ಹನ್ನೆರಡು ಮಕ್ಕಳಿಗೂ ತಂದೆ ಒಬ್ಬನೇ. ಪರಾಗದ ಗುಂಪಿಗೂ ಒಡಹುಟ್ಟಿನ ಪೈಪೋಟಿಗೂ ಇರುವ ಈ ನಂಟನ್ನು 1981ರಲ್ಲಿ ಡಬ್ಲ್ಯು. ಜಾನ್ ಕ್ರೆಸ್ ಎತ್ತಿ ತೋರಿಸಿದ್ದರು.

ಕಡ್ಲೆಕಾಯಿಗೆ ಬಂದರೆ ಇದು ಇನ್ನೂ ಹತ್ತಿರ ಬರುತ್ತದೆ, ಯಾಕೆಂದರೆ ನಮ್ಮ ನಾಲ್ಕು ತಾಲ್ಲೂಕಿನ ಎಷ್ಟೋ ಮಕ್ಕಳ ಫೀಸು ಕಟ್ಟಿದ್ದು ಆ ಬೆಳೆ. ಕಡ್ಲೆಗಿಡ ಬಹುತೇಕ ತನ್ನ ಪರಾಗದಿಂದಲೇ ಫಲಿತವಾಗುತ್ತದೆ. ತಾಯಿಯೂ ಅದೇ, ತಂದೆಯೂ ಅದೇ. ಒಂದು ಸಿಪ್ಪೆಯೊಳಗೆ ಎರಡು ಬೀಜ ಒಂದರ ಪಕ್ಕ ಒಂದು ನೆಮ್ಮದಿಯಾಗಿ ಮಲಗಿರುವುದನ್ನು ನೋಡಿದರೆ ನನಗೆ ಮೇಲಿನ ಲೆಕ್ಕ ನೆನಪಾಗುತ್ತದೆ. ಇದು ನನ್ನ ಊಹೆ ಅಷ್ಟೆ. ಮನುಷ್ಯ ಸಾವಿರಾರು ವರ್ಷ ಆರಿಸಿ ಬೆಳೆಸಿದ ಬೆಳೆಯಲ್ಲಿ ಯಾವುದು ಗಿಡದ ಸ್ವಭಾವ, ಯಾವುದು ನಮ್ಮ ಆಸೆ ಎಂದು ಬೇರ್ಪಡಿಸುವುದು ಸುಲಭವಲ್ಲ. ಆದರೆ ನೆಮ್ಮದಿಗೂ ಒಂದು ಬೆಲೆ ಇದೆ. ಇಡೀ ಕಡ್ಲೆಕಾಯಿ ಜಾತಿಯೇ ದಕ್ಷಿಣ ಅಮೆರಿಕದಲ್ಲಿ ಎರಡು ಕಾಡುಗಿಡಗಳು ಬೆರೆತು ಹುಟ್ಟಿದ್ದು. ಆ ಎರಡು ಕಾಡುಗಿಡಗಳ ಜೀನೋಮ್ 2016ರಲ್ಲಿ, ನಾವು ತಿನ್ನುವ ಕಡ್ಲೆಕಾಯಿಯದು 2019ರಲ್ಲಿ ಪ್ರಕಟವಾದಾಗ ಈ ಹುಟ್ಟಿನ ಕಥೆ ಗಟ್ಟಿಯಾಯಿತು. ಅಷ್ಟು ಸಣ್ಣ ಬುಡದಿಂದ ಬಂದ ಗಿಡ ತನ್ನಲ್ಲೇ ತಾನು ಬೆರೆಯುತ್ತ ಹೋದರೆ ವೈವಿಧ್ಯ ಎಲ್ಲಿಂದ ಬರಬೇಕು? ಅದರ ಮೇಲೆ ನಾವು ಮಾಡಿದ್ದೇನು? 1940ರಲ್ಲಿ ತಿಂಡಿವನಂನಿಂದ ಬಿಡುಗಡೆಯಾದ ಟಿಎಂವಿ-2 ತಳಿಯನ್ನು ತಲೆಮಾರುಗಟ್ಟಲೆ ಬಿತ್ತಿದೆವು. ಹೊಲಕ್ಕೆ ಹೊಲವೇ ಒಂದೇ ಮನೆಯ ಮಕ್ಕಳು. ತಿಕ್ಕೆ ರೋಗ ಒಂದು ಗಿಡಕ್ಕೆ ಬಂದರೆ ಪಕ್ಕದ್ದು ತಡೆದು ನಿಲ್ಲಲು ಅದರ ಹತ್ತಿರ ಬೇರೆ ಉತ್ತರವಿಲ್ಲ. ಜಗಳವಿಲ್ಲದ ಸಂಸಾರದ ಈ ಕಷ್ಟವನ್ನು ಯಾವ ಕಾದಂಬರಿಯೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಸೂಕ್ಷ್ಮಜೀವಿಗಳ ವಿಷಯ ಇನ್ನೂ ಬಾಕಿ ಇದೆ. ಅಲ್ಲಿ ಪ್ರಶ್ನೆ ದೃಷ್ಟಿಕೋನದಿಂದ ಕರ್ತೃತ್ವಕ್ಕೆ ತಿರುಗುತ್ತದೆ. ಪಶ್ಚಿಮ ಘಟ್ಟದಲ್ಲಿ ನೊತಪೊಡೈಟಿಸ್ ಎಂಬ ಸಣ್ಣ ಮರವಿದೆ. ಅದರಲ್ಲಿ ಕ್ಯಾಂಪ್ಟೊತೆಸಿನ್ ಎಂಬ ವಸ್ತು ಸಿಗುತ್ತದೆ. 1966ರಲ್ಲಿ ಮನ್ರೋ ವಾಲ್ ಮತ್ತು ಮನ್ಸುಖ್ ವಾನಿ ಚೀನಾದ ಒಂದು ಮರದಲ್ಲಿ ಇದನ್ನು ಕಂಡುಹಿಡಿದರು. ಕ್ಯಾನ್ಸರ್‌ಗೆ ಕೊಡುವ ಕೆಲವು ಔಷಧಗಳು ಇದರಿಂದಲೇ ಬಂದವು. ಔಷಧಕ್ಕೆ ಬೇಡಿಕೆ ಬಂದರೆ ಮರಕ್ಕೆ ಕೊಡಲಿ ಬೀಳುತ್ತದೆ. 2005ರಲ್ಲಿ ಜಮ್ಮುವಿನ ಸಂಶೋಧಕರು ಇದೇ ಮರದ ಒಳಗೆ ವಾಸಿಸುವ ಶಿಲೀಂಧ್ರವೊಂದು ಮರದ ಹೊರಗೂ ಕ್ಯಾಂಪ್ಟೊತೆಸಿನ್ ತಯಾರಿಸುತ್ತದೆ ಎಂದು ಪ್ರಕಟಿಸಿದರು. ಮರ ಕಡಿಯದೆ, ಬೂಷ್ಟನ್ನು ಬೆಳೆಸಿ ಔಷಧ ಪಡೆಯಬಹುದು! ಉಮಾಶಂಕರ್ ಅವರ ಗುಂಪು 2010ರಲ್ಲಿ ಇನ್ನೊಂದು ಮರದೊಳಗಿನ ಫ್ಯುಸೇರಿಯಂ ಶಿಲೀಂಧ್ರದಲ್ಲೂ ಇದನ್ನು ತೋರಿಸಿತು. ಹಾಗಾದರೆ ಇಷ್ಟು ದಿನ ಮರದ್ದು ಎಂದುಕೊಂಡ ಕೃತಿಯ ಕರ್ತೃ ಯಾರು? ಮರವೋ, ಒಳಗೆ ಕೂತ ಒಕ್ಕಲೋ?

ಇಷ್ಟಕ್ಕೇ ನಿಂತಿದ್ದರೆ ಪತ್ರಿಕೆಗಳಿಗೆ ಒಳ್ಳೆಯ ತಲೆಬರಹವಾಗುತ್ತಿತ್ತು. ಆದರೆ ಶಿಲೀಂಧ್ರವನ್ನು ಗಾಜಿನ ತಟ್ಟೆಯಿಂದ ತಟ್ಟೆಗೆ ಬದಲಿಸುತ್ತ ಬೆಳೆಸಿದಂತೆ ಅದು ಔಷಧ ತಯಾರಿಸುವುದನ್ನು ಕಡಿಮೆ ಮಾಡುತ್ತ ಹೋಯಿತು. ಮರದಿಂದ ದೂರವಾದಷ್ಟೂ ಮೌನ. ಉಮಾಶಂಕರ್ ಗುಂಪು ಇದನ್ನು ಬಚ್ಚಿಡಲಿಲ್ಲ, ಸಂಶೋಧನೆಯ ವಿಷಯವನ್ನಾಗಿಯೇ ಮಾಡಿಕೊಂಡಿತು. ಗಿಡದ ಔಷಧ ತಯಾರಿಸಲು ಬೇಕಾದ ಜೀನುಗಳು ನಿಜವಾಗಿ ಈ ಶಿಲೀಂಧ್ರಗಳಲ್ಲಿ ಇವೆಯೇ ಎಂದು 2013ರಲ್ಲಿ 'ಕರೆಂಟ್ ಸೈನ್ಸ್' ಪತ್ರಿಕೆಯಲ್ಲಿ ಪ್ರಶ್ನೆಯನ್ನೇ ಶೀರ್ಷಿಕೆ ಮಾಡಿ ಬರೆದರು. ತಾವೇ ಕಟ್ಟಿದ ಆಸೆಯನ್ನು ತಾವೇ ಅನುಮಾನಿಸಿದ ಲೇಖನ ಅದು.

ನಮ್ಮ ಕಡೆಯವರಿಗೆ ಇದು ತೀರಾ ಹೊಸ ಅನುಭವವಲ್ಲ. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಜುಂಜಪ್ಪನ ಗುಡ್ಡೆ ಇದೆ. ಕಾಡುಗೊಲ್ಲರು ಗಣೆ ಊದಿ ಜುಂಜಪ್ಪನ ಕಾವ್ಯ ಹಾಡುತ್ತಾರೆ. ಗುಡ್ಡೆಯಲ್ಲಿ, ಒಕ್ಕಲಿನವರ ನಡುವೆ, ರಾತ್ರಿ ಹಾಡುವ ಕಾವ್ಯವೇ ಬೇರೆ, ಅದೇ ಹಾಡುಗಾರನನ್ನು ಊರಿಗೆ ಕರೆತಂದು ಮೈಕಿನ ಮುಂದೆ ಕೂರಿಸಿದಾಗ ಬರುವುದೇ ಬೇರೆ. ಜಾನಪದ ಸಂಗ್ರಹಕ್ಕೆ ಹೋದವರಿಗೆಲ್ಲ ಗೊತ್ತು. ಹಾಡು ಅವನಲ್ಲಿದೆಯೋ, ಗುಡ್ಡೆಯಲ್ಲಿದೆಯೋ, ಕೇಳುವವರಲ್ಲಿದೆಯೋ ಎಂದು ಪಾಲು ಮಾಡಲು ಹೋದರೆ ಕೈಯಲ್ಲಿ ಉಳಿಯುವುದು ಗಾಜಿನ ತಟ್ಟೆ. ಇಲ್ಲೊಂದು ಎಚ್ಚರ ಬೇಕು. ಕೊರಟಗೆರೆಯ ಸಿದ್ಧರಬೆಟ್ಟಕ್ಕೆ ಗಿಡಮೂಲಿಕೆ ಹುಡುಕಿ ಹೋಗುವವರು, ಬೆಟ್ಟದ ಬೇರಿಗೆ ಇರುವ ಗುಣ ತೋಟದ ಬೇರಿಗಿಲ್ಲ ಎನ್ನುವುದುಂಟು. 'ನೋಡಿ, ವಿಜ್ಞಾನವೂ ಅದನ್ನೇ ಹೇಳಿತು' ಎಂದು ಬೀಗಲು ಈ ಸಂಶೋಧನೆ ನೆಪವಾಗಬಾರದು. ಅದು ಹೇಳಿದ್ದು ಒಂದು ವಸ್ತು, ಕೆಲವು ಮರ, ಕೆಲವು ಶಿಲೀಂಧ್ರಗಳ ಬಗ್ಗೆ. ಸಿದ್ಧರಬೆಟ್ಟದ ಬೇರಿನ ವಿಷಯ ಸಿದ್ಧರಬೆಟ್ಟದಲ್ಲೇ ಪರೀಕ್ಷೆಯಾಗಬೇಕು.

ಈಗ ಕಾದಂಬರಿಗೆ ಬರುತ್ತೇನೆ. 'ಕನಕ ಮುಸುಕು' ಕಾದಂಬರಿಯ ಎಳೆ ಇರುವುದು ಹೊಯ್ಸಳ ಶಿಲ್ಪಗಳ ಕೈಯಲ್ಲಿ ಕಾಣುವ, ಮುಸುಕಿನ ಜೋಳದ ತೆನೆಯಂತಿರುವ ವಸ್ತುವಿನಲ್ಲಿ. ಕೊಲಂಬಸನಿಗಿಂತ ಮೊದಲೇ ಅಮೆರಿಕದ ಜೋಳ ಸೋಮನಾಥಪುರಕ್ಕೆ ಬಂದಿತ್ತೇ? ಪ್ರಶ್ನೆ ಗಣೇಶಯ್ಯನವರ ಕಲ್ಪನೆಯಲ್ಲ. 1989ರಲ್ಲಿ ಕಾರ್ಲ್ ಜೊಹಾನೆಸೆನ್ ಮತ್ತು ಆನ್ ಪಾರ್ಕರ್ 'ಎಕನಾಮಿಕ್ ಬಾಟನಿ' ಪತ್ರಿಕೆಯಲ್ಲಿ ಅದು ಜೋಳವೇ ಎಂದು ವಾದಿಸಿದರು. 1993ರಲ್ಲಿ ಅದೇ ಪತ್ರಿಕೆಯಲ್ಲಿ ಪಾಯಕ್ ಮತ್ತು ಸಚಾನ್ ಅದು ಜೋಳವಲ್ಲ, ಮುತ್ತುಗಳಿಂದ ಕೂಡಿದ ಮುಕ್ತಾಫಲ ಎಂಬ ಕಾಲ್ಪನಿಕ ಫಲ ಎಂದು ಎದುರು ವಾದ ಹೂಡಿದರು. ನಮ್ಮ ನಾಲಿಗೆಗೆ ದಕ್ಷಿಣ ಅಮೆರಿಕದ ಬೆಳೆಗಳು ಬಂದ ದಾರಿಯ ಬಗ್ಗೆ ಸ್ವಾಮಿಯವರು ಒಂದು ಪುಸ್ತಕವನ್ನೇ ಬರೆದಿದ್ದರು ಎಂಬುದು ಈ ಚರ್ಚೆಗೆ ಕನ್ನಡದ ಹಿನ್ನೆಲೆ. ಇಂಥ ಜೀವಂತ ಜಗಳವೊಂದನ್ನು ಎತ್ತಿಕೊಂಡು ಸಾವಿರಾರು ಓದುಗರ ಕೈಗೆ ಕೊಟ್ಟದ್ದು ಸಣ್ಣ ಕೆಲಸವಲ್ಲ. ಆ ಕಾದಂಬರಿ ಓದಿ ಸೋಮನಾಥಪುರಕ್ಕೆ ಹೋಗಿ ಶಿಲ್ಪದ ಕೈಯನ್ನು ಮೊದಲ ಸಲ ಸರಿಯಾಗಿ ನೋಡಿದ ವಿದ್ಯಾರ್ಥಿಗಳು ನನಗೆ ಗೊತ್ತು. ರೋಚಕ ಕಾದಂಬರಿ ಎಂದು ಮೂಗು ಮುರಿಯುವ ವಿಮರ್ಶಕರು ಅಷ್ಟನ್ನಾದರೂ ಮಾಡಿಸಿದ್ದಾರೆಯೇ ಎಂದು ಕೇಳಬೇಕೆನಿಸುತ್ತದೆ.

ಆದರೂ ನನ್ನ ತಕರಾರು ಉಳಿಯುತ್ತದೆ. ಕಾದಂಬರಿಯಲ್ಲಿ ಚರಿತ್ರೆ ಒಂದು ಬೀಗ, ಸಂಶೋಧಕ ಕೀಲಿ. ಕಥೆ ಇರುವುದೆಲ್ಲ ಕೀಲಿಯ ಕಡೆಯಿಂದ. ಜೋಳದ ತೆನೆಯಂಥದ್ದನ್ನು ಕೆತ್ತಿದ ಶಿಲ್ಪಿಯ ಕಡೆಯಿಂದಾಗಲಿ, ಆ ಶಿಲ್ಪವನ್ನು ದಿನವೂ ನೋಡಿ ಏನನ್ನೋ ಅಂದುಕೊಂಡಿರಬಹುದಾದ ಊರವರ ಕಡೆಯಿಂದಾಗಲಿ ಕಥೆ ತಿರುಗಿ ನೋಡುವುದು ಕಡಿಮೆ. ಕಾಯಿಯೊಳಗೆ ತಾಯಿಯ ಸಾಕ್ಷ್ಯವನ್ನೂ, ಉಳಿದ ಬೀಜದ, ಅಳಿದ ಬೀಜದ ಸಾಕ್ಷ್ಯವನ್ನೂ ಕೇಳಿದ ಮನಸ್ಸು, ಮನುಷ್ಯರ ಚರಿತ್ರೆಗೆ ಬಂದಾಗ ಒಬ್ಬನೇ ಸಾಕ್ಷಿಗೆ ಒಪ್ಪಿಕೊಂಡುಬಿಡುತ್ತದೆ. ಅಡಿಟಿಪ್ಪಣಿಗಳ ವಿಷಯವೂ ಹಾಗೆ. ಸಂಶೋಧನಾ ಲೇಖನದಲ್ಲಿ ಅಡಿಟಿಪ್ಪಣಿ ಎಂದರೆ 'ನನ್ನನ್ನು ಇಲ್ಲಿ ಹಿಡಿಯಿರಿ' ಎಂದು ಎದುರಾಳಿಗೆ ತೋರಿಸುವ ಜಾಗ. ಕಾದಂಬರಿಯಲ್ಲಿ ಅದು 'ನಂಬಿ, ಇದು ನಿಜ' ಎಂದು ಓದುಗನ ಬೆನ್ನು ತಟ್ಟುತ್ತದೆ. ಒಂದೇ ಸಾಧನ, ಕೆಲಸ ಮಾತ್ರ ತದ್ವಿರುದ್ಧ. 1993ರ ಎದುರು ವಾದ ಲೇಖನವನ್ನು ಬೀಳಿಸಬಲ್ಲದು, ಕಾದಂಬರಿಯನ್ನು ಬೀಳಿಸಲಾರದು. ಓದುಗ ರೋಮಾಂಚನಗೊಂಡಿದ್ದರೆ ಸಾಕು. ಸೋಲುವ ಅಪಾಯವಿಲ್ಲದ ಕಡೆ ಧೈರ್ಯಕ್ಕೆ ಅರ್ಥವೂ ಕಡಿಮೆ. ಶಿಸ್ಸುವಿನ ಲೇಖನವನ್ನು ಮೇಲೆ ನಾನು ಧೈರ್ಯದ ಬರಹ ಎಂದದ್ದು ಈ ಕಾರಣಕ್ಕೆ.

ಇದರಲ್ಲಿ ನನಗೇನು ಗರಜು ಎಂದು ಕೇಳಬಹುದು. ನಮ್ಮ ತರಗತಿಗೆ ಬರುವ ಮಕ್ಕಳಲ್ಲಿ ಬಹುಪಾಲು ಕಡ್ಲೆಕಾಯಿ ಬಿಡಿಸಿ, ಹುಣಸೆಹಣ್ಣು ಕುಟ್ಟಿ ಕೈ ಒರಟಾದವರು. ಪಿಯುಸಿಗೆ ಬಂದಾಗ ಸೈನ್ಸ್ ತಗೊಂಡವರು ಗಿಡವನ್ನು ಇಂಗ್ಲಿಷಿನ ಗೈಡಿನಲ್ಲಿ ಓದುತ್ತಾರೆ, ಆರ್ಟ್ಸ್ ತಗೊಂಡವರು ಕಥೆಯನ್ನು ಕನ್ನಡದ ನೋಟ್ಸಿನಲ್ಲಿ ಓದುತ್ತಾರೆ. ಹೊಲ ಎರಡರಲ್ಲೂ ಇಲ್ಲ. ಹೊಂಗೆಯ ಲೇಖನದ ಬಗ್ಗೆ ಒಮ್ಮೆ ಹೇಳಲು ಹೊರಟಾಗ ಹಿಂದಿನ ಬೆಂಚಿನಿಂದ ಬಂದ ಮೊದಲ ಮಾತು, 'ಸರ್, ಇದು ಬಯಾಲಜಿ ಅಲ್ವಾ?' ಕನ್ನಡ ಪಿರಿಯಡ್ಡಿನಲ್ಲಿ ಇದನ್ನು ಕೇಳುವ ಹಕ್ಕು ತಮಗಿಲ್ಲ ಎಂದು ಆ ಹುಡುಗನಿಗೆ ಯಾರೋ ಹೇಳಿಕೊಟ್ಟಾಗಿದೆ. ಆದರೆ ತಮ್ಮ ಮನೆ ಹಿತ್ತಲಿನ ಮರದ ಬಗ್ಗೆ ತಮ್ಮ ನಾಡಿನವರೇ ಬರೆದದ್ದು ತಮ್ಮ ಮಾತಿನಲ್ಲಿ ಇಲ್ಲದಿದ್ದರೆ, ಆ ಮರದ ಬಗ್ಗೆ ತಪ್ಪು ಹೇಳುವವರನ್ನು ತಿದ್ದುವ ಶಕ್ತಿಯೂ ಈ ಮಕ್ಕಳಿಗೆ ಇರುವುದಿಲ್ಲ. ಹೊಸ ತಳಿ ಮಾರಲು ಬರುವವನಿಗೆ 'ಇದರ ತಂದೆ ಯಾರು' ಎಂದು ಕೇಳಲು ಬೇಕಾದದ್ದು ಅಂಥ ಶಕ್ತಿ.

ಅದಕ್ಕೆ 1999ರ ಆ ಹೊಂಗೆಯ ಲೇಖನದ ಶೀರ್ಷಿಕೆಯನ್ನಾದರೂ ಕನ್ನಡಕ್ಕೆ ತರೋಣ ಎಂದು ಮಕ್ಕಳ ಜೊತೆ ಕೂತೆ. 'ಬೀಜಪಾತ' ಎಂದು ಬರೆದೆ. ಉಲ್ಕಾಪಾತದ ಹಾಗೆ ಕೇಳಿಸುತ್ತದೆ ಎಂದು ನಕ್ಕರು. 'ಹೊಂಗೆಯ ಜೊಳ್ಳು' ಎಂದಳೊಬ್ಬಳು. ಜೊಳ್ಳು ಅಂದರೆ ಕಾಯಿ ಪೂರ್ತಿ ಖಾಲಿ ಇರಬೇಕು, ಇಲ್ಲಿ ಒಂದು ಬೀಜ ಇದೆಯಲ್ಲ ಎಂದು ಪಕ್ಕದವಳೇ ತಿದ್ದಿದಳು. ಕೊನೆಗೆ ನಾನು ಹಲಗೆಯ ಮೇಲೆ 'ಹೊಂಗೆಕಾಯಿಯಲ್ಲಿ ಒಂದು ಬೀಜ ಯಾಕೆ ಸಾಯುತ್ತದೆ?' ಎಂದು ಬರೆದೆ. ವೈ.ಎನ್. ಹೊಸಕೋಟೆ ಕಡೆಯ ಹುಡುಗಿಯೊಬ್ಬಳು ಕೈ ಎತ್ತಿದಳು. ಅವರ ಮನೆಯಲ್ಲಿ ಪ್ರತಿ ಬೇಸಿಗೆಯೂ ಹೊಂಗೆಕಾಯಿ ಬಡಿಯುತ್ತಾರೆ. 'ಸಾಯುತ್ತೆ ಅಂತ ಯಾಕೆ ಸರ್? ಪಕ್ಕದ್ದು ಸಾಯಿಸುತ್ತೆ ಅಂತ ನೀವೇ ಹೇಳಿದ್ರಲ್ಲ?' ಹಲಗೆಯ ಮೇಲಿನ ಕ್ರಿಯಾಪದವನ್ನು ಒರೆಸಿದೆವು. ಅಲ್ಲಿ ಏನು ಬರೆಯಬೇಕೆಂದು ಬೆಲ್ ಹೊಡೆಯುವವರೆಗೂ ವಾದ ಮಾಡಿದರು.